ಏರಿ ಒಡೆಯದ ದಿನ

ಕಳೆದ ವಾರ ಮಂಡ್ಯದ ನಮ್ಮ ಕಚೇರಿಗೆ ಹೊಸ ನೈಲಾನ್ ಹಗ್ಗದ ಸುರುಳಿಗಳು ಬಂದವು. ಚೀಲ ಹರಿದದ್ದೇ ತಡ, ಸೀಮೆಎಣ್ಣೆಯದೋ ಹೊಸ ಚಪ್ಪಲಿಯದೋ ಎನ್ನಲಾಗದ ವಾಸನೆಯೊಂದು ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು. ಮದ್ದೂರಿನ ನಮ್ಮ ಮನೆಯ ಮಹಡಿ ಮೆಟ್ಟಿಲಿಗೆ ಒಂದು ಕಾಲದಲ್ಲಿ ಇದೇ ವಾಸನೆಯಿತ್ತು. ಮಹಡಿಯಲ್ಲಿ ಬಾಡಿಗೆಗಿದ್ದ ಮೇಡಂ ಸಂಜೆ ಹೊತ್ತು ಆ ಮೆಟ್ಟಿಲ ಮೇಲೆ ಕೂತು, ಇಂಥದೇ ಹಗ್ಗಕ್ಕೆ ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದರು...

ಅವರು ಬಂದಾಗ ಜೊತೆಗೆ ಯಾರೂ ಇರಲಿಲ್ಲ. ಐವತ್ತರ ಹತ್ತಿರದ ವಯಸ್ಸು, ಒಂದು ಹಳೆಯ ಸ್ಕೂಟರು, ಕುತ್ತಿಗೆಯಲ್ಲಿ ಸರದ ಬದಲು ಸೀಟಿ. ಮನೆ ನೋಡಲು ಬಂದವರು ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಕೇಳಲಿಲ್ಲ. ಮೇನ್ ಸ್ವಿಚ್ ಎಲ್ಲಿದೆ, ಗ್ಯಾಸ್ ಸಿಲಿಂಡರ್ ಎಲ್ಲಿಡುತ್ತೀರಿ, ತಾರಸಿ ಬಾಗಿಲ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದರು. ನಿವೃತ್ತ ಹೆಡ್‌ಮಾಸ್ಟರಾದ ನನ್ನ ಅಪ್ಪನ ತಲೆಗೆ ಆಗಲೇ ಅನುಮಾನದ ಹುಳ ಹೊಕ್ಕಿತು. ಕೀಲಿ ಎಲ್ಲಿದೆ ಎಂದು ಮೊದಲ ದಿನವೇ ಕೇಳುವವರು ಒಳ್ಳೆಯ ಬಾಡಿಗೆದಾರರಲ್ಲ ಎಂಬುದು ಅವರ ಸಿದ್ಧಾಂತ. ಮನೆ ಕೊಟ್ಟರೂ ನೆಮ್ಮದಿ ಬರಲಿಲ್ಲ. ಪಕ್ಕದ ಮನೆಯವರು ಹೆದ್ದಾರಿಗೆ ಜಮೀನು ಗುರುತು ಮಾಡುವವರಿರಬೇಕು ಎಂದರು. ಅಮ್ಮ ಯಾರದೋ ಎರಡನೇ ಸಂಸಾರ ಇರಬಹುದೆಂದು ತೀರ್ಮಾನಿಸಿದ್ದಳು.

ನಾನಾಗ ಮಂಡ್ಯದಲ್ಲಿ ಭೂಗೋಳ ಓದಿ ಡಿಗ್ರಿ ಮುಗಿಸಿ, ಬಿ.ಎಡ್. ಮಾಡುವುದೋ ಬೇಡವೋ ಎಂದು ಮನೆಯಲ್ಲಿದ್ದೆ. ಸುಮ್ಮನೆ ಮಾತಾಡಿಸಿ ಏನು ಕೆಲಸವೆಂದು ತಿಳಿದುಕೊಂಡು ಬಾ ಎಂದು ಅಪ್ಪ ನನ್ನನ್ನೇ ಮೇಲೆ ಕಳಿಸಿದರು. ಜಿಲ್ಲೆಯ ತಾಲ್ಲೂಕುಗಳಿಗೆ ತುರ್ತು ಸಂದರ್ಭದ ಯೋಜನೆ ಮಾಡಿಕೊಡುವ ಗುತ್ತಿಗೆ ಕೆಲಸ ಎಂದರು ಮೇಡಂ. ಯಾವ ತುರ್ತು ಸಂದರ್ಭ ಎಂದು ಕೇಳಿದೆ.

“ಇನ್ನೂ ಆಗಿಲ್ಲದ್ದು,” ಎಂದರು.

ನುಣುಚಿಕೊಳ್ಳುವ ಮಾತಿನಂತೆ ಕೇಳಿಸಿತು. ಕೆಳಗೆ ಬಂದು ಹೇಳಿದಾಗ ಅಪ್ಪ ಕನ್ನಡಕ ತೆಗೆದು, “ಅನಾಹುತ ಆಗ್ಲಿ ಅಂತ ಕಾಯ್ತಾ ಕೂತ್ಕೊಳ್ಳೋದು ಒಂದು ಕೆಲಸವೇನೇ?” ಎಂದರು.

ಅನುಮಾನ ಪರಿಹಾರವಾಗಲೆಂದೇ ನಾನು ಅವರ ಸ್ಕೂಟರಿನ ಹಿಂದೆ ಕೂರಲು ಶುರುಮಾಡಿದ್ದು. ಜೊತೆಗೆ ಹೋದಷ್ಟೂ ಅನುಮಾನ ಹೆಚ್ಚಾಯಿತು. ಬಸರಾಳಿನಲ್ಲಿ ಬಂದವರೆಲ್ಲ ದೇವಸ್ಥಾನದ ಕೆತ್ತನೆ ನೋಡಿದರೆ, ಇವರು ಓಣಿಯಲ್ಲಿ ಲಾರಿ ತಿರುಗುತ್ತದೋ ಇಲ್ಲವೋ ನೋಡಿದರು. ವೈದ್ಯನಾಥಪುರದಲ್ಲಿ ಒಳಗೆ ಹೋಗಿ ಕೈಮುಗಿಯುವ ಮೊದಲೇ, ಶಿಂಷಾ ಹೊಳೆ ತುಂಬಿದರೆ ಯಾವ ಮೆಟ್ಟಿಲವರೆಗೆ ಬರುತ್ತದೆ ಎಂದು ಅರ್ಚಕರನ್ನು ವಿಚಾರಿಸಿದರು. ಹೊಳಲಿನಲ್ಲಿ ಭಾನುವಾರ ಶಾಲೆಯ ಬೀಗದ ಕೈ ಯಾರ ಮನೆಯಲ್ಲಿರುತ್ತದೆ ಎಂದು ಕೇಳಿ, ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಂತೆ ಮಾಡಿದರು. ಎಲ್ಲ ಕಡೆಯೂ ಮನೆಯಲ್ಲಿ ಎದ್ದು ಓಡಾಡಲಾಗದವರು ಇದ್ದಾರೆಯೇ, ಹಗಲು ಹೊತ್ತು ಯಾರೂ ಇರುವುದಿಲ್ಲವೇ ಎಂಬ ಪ್ರಶ್ನೆ. ಕಳ್ಳರು ಕೇಳುವುದೂ ಇದನ್ನೇ ಅಲ್ಲವೇ ಎಂದು ನನಗೇ ಅನಿಸುತ್ತಿತ್ತು.

ಆದರೂ ಹೋಗುವುದು ಬಿಡಲಿಲ್ಲ. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ... ನಾಲ್ಕು ಜನ ಸುಮ್ಮನೆ ನೋಡಿ ಹೋಗುವ ಜಾಗದಲ್ಲಿ ನಿಂತು, ಇಲ್ಲಿ ಏನು ಕೆಡಬಹುದು ಎಂದು ಯೋಚಿಸುವುದು ನನಗೆ ಹಿಡಿಸಿಬಿಟ್ಟಿತ್ತು. ಈ ಕೆಲಸಕ್ಕೆ ಸೇರುವುದು ಹೇಗೆ ಎಂದು ಒಂದು ದಿನ ಕೇಳಿದೆ. ಮೊದಲು ಗೃಹರಕ್ಷಕ ದಳದ ತರಬೇತಿಗೆ ಸೇರು, ಪ್ರಥಮ ಚಿಕಿತ್ಸೆ ಕಲಿ, ನಕ್ಷೆ ಓದುವುದು ನಿನಗೆ ಬರುತ್ತದೆ, ವಿಪತ್ತು ನಿರ್ವಹಣೆಯ ಡಿಪ್ಲೊಮಾ ಆಮೇಲೆ ಮಾಡು ಎಂದರು. ಜನ ನಂಬದೇ ಇದ್ದಾಗ ಮುಖ ಕೆಡಿಸಿಕೊಳ್ಳದೆ ನಿಲ್ಲುವುದನ್ನು ಮಾತ್ರ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ ಎಂದೂ ಸೇರಿಸಿದರು. ನಾನು ಡಿಪ್ಲೊಮಾಕ್ಕೆ ಅರ್ಜಿ ಹಾಕಿದಾಗ ಅಪ್ಪ, ಇದು ಸರ್ಟಿಫಿಕೇಟ್ ಮಾರುವ ಜಾಲವೇ ಇರಬೇಕೆಂದು ಗೊಣಗಿದರು.

ಅವರ ಹಿಂದೆ ಒಂದು ದುಃಖ ಇದ್ದೇ ಇರಬೇಕೆಂದು ನಾನು ಊಹಿಸಿಕೊಂಡಿದ್ದೆ. ನೀರಿನಲ್ಲೋ ಬೆಂಕಿಯಲ್ಲೋ ತಮ್ಮವರನ್ನು ಕಳೆದುಕೊಂಡಿರಬೇಕು, ಇಲ್ಲದಿದ್ದರೆ ಯಾರಾದರೂ ಇಂಥ ಕೆಲಸ ಹಿಡಿಯುತ್ತಾರೆಯೇ? ಧೈರ್ಯ ಮಾಡಿ ಕೇಳಿಯೂ ಬಿಟ್ಟೆ. ಅವರು ಜೋರಾಗಿ ನಕ್ಕರು. “ಯಾರೂ ಸತ್ತಿಲ್ಲ ಕಣಮ್ಮ. ಯಾರೂ ಸಾಯ್ಬಾರ್ದು ಅನ್ನೋಕೆ, ಮೊದಲು ನಮ್ಮನೇಲಿ ಒಬ್ರು ಸತ್ತಿರ್ಬೇಕಾ?”

ಮಳವಳ್ಳಿ ತಾಲ್ಲೂಕಿನಲ್ಲಿ ಒಂದು ಊರು, ಹೆಸರು ಬೇಡ. ಊರ ತಲೆಯ ಮೇಲೆಯೇ ಕೆರೆ. ಸುತ್ತಲೂ ಹುಲ್ಲು ಒಣಗಿದ ಬೇಸಿಗೆಯಲ್ಲೂ ಏರಿಯ ಬುಡದಲ್ಲಿ ಒಂದು ಕಡೆ ಮಾತ್ರ ಹಸಿರಾಗಿ, ತೇವವಾಗಿ ಇತ್ತು. ಮೇಡಂಗೆ ಆ ಹಸಿರಿನ ಮೇಲೆ ಅನುಮಾನ. ಊರಿನವರಿಗೆ ಮೇಡಂ ಮೇಲೆ. ಕೆರೆ ಒತ್ತುವರಿ ಅಳೆಯಲು ಬಂದಿದ್ದಾರೆ ಎಂದು ಸುದ್ದಿಯಾಗಿತ್ತು. ಏರಿಗೆ ಹತ್ತಿರದ ಮನೆಯಲ್ಲಿ ಕೋಳಿ ಸಾಕಿಕೊಂಡಿದ್ದ ಅಜ್ಜಿಯೊಬ್ಬಳು ನಮ್ಮನ್ನು ಹೊಸಿಲಲ್ಲೇ ತಡೆದು, “ನಮ್ಮನೇಲಿ ಯಾರವ್ರೆ ಯಾರಿಲ್ಲ ಅನ್ನಾದು ನಿಂಗ್ಯಾಕವ್ವಾ?” ಎಂದಳು. ಮೇಡಂ ಕೋಳಿಗಳ ವಿಷಯ ಕೇಳಿ ಸಮಾಧಾನವಾಗಿ ಹಿಂದಿರುಗಿದರು.

ಆ ವರ್ಷದ ಮಳೆಗಾಲದ ಕೊನೆಯಲ್ಲಿ ಮಳೆ ಬಿಡದೆ ಹಿಡಿಯಿತು. ಒಂದು ಬೆಳಿಗ್ಗೆ ನಾವು ಹೋಗಿ ನೋಡಿದಾಗ ಆ ಹಸಿರು ಜಾಗದಿಂದ ಕೆಸರು ನೀರು ಜಿನುಗುತ್ತಿತ್ತು. ತಿಳಿನೀರು ಬಂದರೆ ಕಾಯಬಹುದು, ಕೆಸರು ಬಂತೆಂದರೆ ಏರಿ ಒಳಗೇ ಕರಗುತ್ತಿದೆ ಎಂದರ್ಥ ಎಂದರು ಮೇಡಂ. ಅಧಿಕಾರಿಗಳಿಗೆ ಫೋನ್ ಮಾಡಿ, ಒಪ್ಪಿಗೆ ಪಡೆದು, ಸೀಟಿ ಊದಿ ಊರನ್ನೆಲ್ಲ ಎತ್ತರದ ಶಾಲೆಗೆ ಹತ್ತಿಸಿದರು. ಜನ ಬೈಯುತ್ತಲೇ ಹತ್ತಿದರು. ಯಾರಾದರೂ ಉಳಿದಿದ್ದಾರೆಯೇ ಎಂದು ನೋಡಲು ಮೇಡಂ ಒಬ್ಬರೇ ಮತ್ತೆ ಕೆಳಗಿಳಿದು ಮನೆಮನೆ ಇಣುಕಿ ಬಂದರು.

ಸಂಜೆಯವರೆಗೂ ಜನ ಶಾಲೆಯಲ್ಲಿ ಕಾದರು. ಮರಳಿನ ಮೂಟೆ ಹೊತ್ತು ಕೂಲಿಯವರು ಬಂದರು, ಮಳೆ ನಿಂತಿತು, ಏರಿ ಒಡೆಯಲಿಲ್ಲ.

ಎಲ್ಲರೂ ಮನೆಗೆ ಮರಳಿದ ಮೇಲೆ ಆ ಅಜ್ಜಿ ಕಿರುಚಿಕೊಂಡು ಬೀದಿಗೆ ಬಂದಳು. ಅವಳ ಚಿನ್ನದ ಓಲೆ ಕಾಣುತ್ತಿರಲಿಲ್ಲ. ಮೇಡಂ ಒಬ್ಬರೇ ಕೆಳಗಿಳಿದದ್ದನ್ನು ಊರೆಲ್ಲ ನೋಡಿತ್ತು. “ಊರ್ ಖಾಲಿ ಮಾಡ್ಸಿ ಕೊಳ್ಳೆ ವಡ್ಯಾಕ್ ಬಂದವ್ಳು ಕಣ್ರೋ ಇವ್ಳು,” ಎಂದು ಬೆರಳು ತೋರಿಸಿದಳು. ಗುಂಪು ಸ್ಕೂಟರಿಗೆ ಅಡ್ಡ ನಿಂತಿತು. ಪೊಲೀಸರು ಬಂದು ಮೇಡಂ ಚೀಲವನ್ನು ಎಲ್ಲರ ಮುಂದೆ ನೆಲಕ್ಕೆ ಸುರಿದರು. ಹಗ್ಗ, ಟಾರ್ಚು, ಬ್ಯಾಂಡೇಜು, ಒಂದು ಬಾಳೆಹಣ್ಣು... ಓಲೆ ಇರಲಿಲ್ಲ. ಇಲ್ಲವೆಂದು ಕಂಡರೂ ಯಾರ ಅನುಮಾನವೂ ಹೋಗಲಿಲ್ಲ. ಎಲ್ಲೋ ಬಚ್ಚಿಟ್ಟಿರಬೇಕು ಎಂದರು. ಅವರ ಪಕ್ಕದಲ್ಲೇ ನಿಂತಿದ್ದ ನನ್ನನ್ನೂ ಹಾಗೆಯೇ ನೋಡಿದರು.

ಮುಂದಿನ ತಿಂಗಳು ಅವರ ಗುತ್ತಿಗೆ ಮುಗಿಯಿತು, ಮತ್ತೆ ಮುಂದುವರಿಯಲಿಲ್ಲ. ಆ ಗಲಾಟೆಯೇ ಕಾರಣವೋ ಏನೋ, ಅವರು ಹೇಳಲಿಲ್ಲ. ಸಾಮಾನು ಕಟ್ಟುತ್ತಿದ್ದಾಗ, ಆ ಊರಿನವರಿಗೆ ಒಂದು ಮಾತನ್ನಾದರೂ ತಿರುಗಿಸಿ ಹೇಳಬಾರದಿತ್ತೇ ಎಂದು ನಾನು ಸಿಟ್ಟಿನಿಂದ ಕೇಳಿದೆ. “ನನ್ನ ಬಗ್ಗೆ ಏನಾದ್ರೂ ಅಂದ್ಕೊಳ್ಳಲಿ. ಮುಂದಿನ ಸಲ ಮೇಲಕ್ಕೆ ಹತ್ತುತ್ತಾರಾ ಇಲ್ವಾ, ಅದೊಂದು ನೋಡ್ಕೋ,” ಎಂದರು. ಅವರು ಹೋದ ಮೇಲೆ ಅಪ್ಪ ಮಹಡಿಯ ಬೀಗ ಬದಲಾಯಿಸಿದರು.

ಡಿಪ್ಲೊಮಾ ಮುಗಿಸಿ ಮಂಡ್ಯದ ಕಚೇರಿಯಲ್ಲಿ ನಾನೇ ಗುತ್ತಿಗೆಗೆ ಸೇರಿದ ಮೇಲೆ, ಅದೇ ಕೆರೆ ಮತ್ತೆ ತುಂಬಿತು. ದುರಸ್ತಿಯೆಂದು ಮಣ್ಣು ಮೆತ್ತಿದ್ದ ಜಾಗದಿಂದಲೇ ಕೆಸರು ಬರುತ್ತಿತ್ತು. ನಾನು ಬೀದಿಯಲ್ಲಿ ನಿಂತು ಕೂಗಿದೆ. ಬಾಗಿಲುಗಳು ತೆರೆದವು, ಯಾರೂ ಹೊರಗೆ ಬರಲಿಲ್ಲ. ಒಬ್ಬ, ಈ ಸಲ ಯಾರ ಮನೆಗೆ ಕನ್ನ ಎಂದು ಕೇಳಿದ. ಮುಖ ಕೆಡಿಸಿಕೊಳ್ಳದೆ ನಾನು ಮತ್ತೆ ಕೂಗಿದೆ.

ಆಗ ಆ ಅಜ್ಜಿ ಕಂಕುಳಲ್ಲಿ ಕೋಳಿಗಳನ್ನು ಅವುಚಿಕೊಂಡು ಹೊಸಿಲು ದಾಟಿದಳು. “ನನ್ ಓಲೆ ರಾಗಿ ಗುಡಾಣದಲ್ಲೇ ಇತ್ತು ಕಣ್ರೋ. ಗಾಬ್ರೀಲಿ ನಾನೇ ಇಟ್ಟು ಮರ್ತಿದ್ದೆ. ಇಷ್ಟ್ ದಿನ ಏಳಾಕೆ ಬಾಯ್ ಬರ್ನಿಲ್ಲ. ಈಗ್ಲಾದ್ರೂ ನಡೀರಿ,” ಎಂದು ಯಾರ ಮುಖವನ್ನೂ ನೋಡದೆ ಶಾಲೆಯ ದಾರಿ ಹಿಡಿದಳು. ಒಬ್ಬೊಬ್ಬರಾಗಿ ಜನ ಅವಳ ಹಿಂದೆ ನಡೆದರು. ಮಧ್ಯಾಹ್ನ ಏರಿ ಒಡೆಯಿತು. ಕೆಳಗಿನ ಬೀದಿ ಪೂರ್ತಿ ಕೊಚ್ಚಿಹೋಯಿತು, ಅಜ್ಜಿಯ ಮನೆಯೂ ಹೋಯಿತು. ಒಂದು ಜೀವವೂ ಹೋಗಲಿಲ್ಲ.

ಒದ್ದೆ ಬಟ್ಟೆಯಲ್ಲೇ ನಿಂತು ಮೇಡಂ ನಂಬರಿಗೆ ಫೋನ್ ಮಾಡಿದೆ. ಗಂಡಸಿನ ದನಿ. ಯಾರು, ಎಲ್ಲಿಂದ, ಅವರಿಂದ ನಿಮಗೇನಾಗಬೇಕು ಎಂದು ಬಿಗಿಯಾಗಿಯೇ ಕೇಳಿತು. ಅವರ ತಮ್ಮನಂತೆ. ಅಕ್ಕ ಬೇಸಿಗೆಯಲ್ಲೇ ಕಾಯಿಲೆಯಿಂದ ತೀರಿಕೊಂಡಳು ಎಂದರು. ಫೋನ್ ಇಡಲಾಗದೆ ನಾನು ನಡೆದದ್ದನ್ನೆಲ್ಲ ಅವರಿಗೇ ಹೇಳಿದೆ. ಕೇಳಿಸಿಕೊಂಡ ಅವರು, ಅಕ್ಕ ಯಾವುದೋ ಆಫೀಸಿನಲ್ಲಿ ಬರೆಯುವ ಕೆಲಸದಲ್ಲಿದ್ದಾಳೆ ಎಂದಷ್ಟೇ ನಮಗೆ ಗೊತ್ತಿತ್ತು ಎಂದರು.

ಈಗ ಆ ಕೆರೆಗೆ ಗಟ್ಟಿ ಏರಿ ಬಂದಿದೆ. ಈಚೆಗೆ ಹೋದಾಗ, ಹೊಸ ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿ ಆ ಮೇಡಮ್ಮ ಎಲ್ಲವ್ರೆ, ಒಂದ್ಸಲ ಕರ್ಕೊಂಡು ಬಾ ಎಂದಳು. ಇಷ್ಟು ದಿನ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದೆ. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು.

“ಬೀದೀಲಿ ನಿಲ್ಸಿ ಕಳ್ಳಿ ಅಂದಿದ್ದೆ,” ಎಂದಳು. “ಆ ಮಾತ್ನ ಯಾರತ್ರ ವಾಪಸ್ ಇಸ್ಕಳ್ಳಾದವ್ವ ಈಗ?”

ನಾನು ಅವಳ ಪಕ್ಕದಲ್ಲಿ ಜಗಲಿಯ ಮೇಲೆ ಕೂತೆ.