ಆ ಮುದ್ದು ಯಾರಿಗೆ ಬೇಕಿತ್ತು?

ಮೊನ್ನೆ ಗುರುವಾರ ಬೆಳಿಗ್ಗೆ ಹಾವೇರಿಯ ನಮ್ಮ ಓಣಿಯ ಗಿರಣಿಯಲ್ಲಿ ಯಾರೋ ಖಾರ ಕುಟ್ಟಿಸುತ್ತಿದ್ದರು. ಘಾಟು ಮೂಗಿಗೆ ಬಡಿದದ್ದೇ ತಡ, ಸೀನಿ ಸೀನಿ ಸುಸ್ತಾದೆ. ಆ ವಾಸನೆಗೆ ನಿಮಗೆ ಊಟ ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಸೋದರಮಾವನ ಬೈಬಲ್ ಪ್ರವಚನ. ನಗಬೇಡಿ, ಕಾರಣವಿದೆ.

ಮಾವ ರಾಣೆಬೆನ್ನೂರಿನ ಸಣ್ಣ ಕ್ರೈಸ್ತ ಸಭೆಯೊಂದರ ಹಿರಿಯರು. ಶುಭಶುಕ್ರವಾರದ ಹಿಂದಿನ ದಿನ ನಾವೆಲ್ಲ ಅವರ ಮನೆಯಲ್ಲಿ ಸೇರುತ್ತೇವೆ. ಪ್ರತಿ ವರ್ಷವೂ ಅವರು ಅದೇ ಪ್ರಶ್ನೆಯನ್ನು ಹೊಸದಾಗಿ ಕಂಡುಹಿಡಿಯುತ್ತಾರೆ. ಯೇಸು ದಿನಾಲೂ ದೇವಾಲಯದಲ್ಲಿ ಬೋಧಿಸುತ್ತಿದ್ದವನು, ಊರಿಗೆಲ್ಲ ಗೊತ್ತಿದ್ದ ಮುಖ. ಅಂಥವನನ್ನು ಹಿಡಿಯಲು ಬಂದವರಿಗೆ ಅವನ ಶಿಷ್ಯ ಯೂದನು ಮುದ್ದಿಟ್ಟು ಗುರುತು ತೋರಿಸಬೇಕಾದದ್ದು ಯಾಕೆ?

ಮಾವ ಗಂಟಲು ಸರಿಮಾಡಿಕೊಂಡು ತಾವೇ ಉತ್ತರಿಸುತ್ತಾರೆ. "ಕತ್ತಲಿ ಇತ್ತ ನೋಡ್ರಿ. ಆಗ ಕರೆಂಟ್ ಎಲ್ಲಿತ್ತು?"

ಎಲ್ಲರೂ ತಲೆಯಾಡಿಸುತ್ತಾರೆ. ಒಳಗೆ ಉಪ್ಪಿಟ್ಟು ಆರುತ್ತಿರುತ್ತದೆ ನೋಡಿ. ಈ ವರ್ಷ ನನಗೆ ತಡೆಯಲಾಗಲಿಲ್ಲ.

"ಪಂಜು, ದೀಪ ಹಿಡಕೊಂಡ ಬಂದಿದ್ರಂತ ಬರದೈತಲ್ರಿ, ಮಾವಾ?"

"ಗಾಳಿಗೆ ಆರಿರಬೇಕು."

"ಆಗ ಯೆಹೂದ್ಯರ ಪಸ್ಕ ಹಬ್ಬ, ಅದು ಹುಣ್ಣಿವಿಗೆ ಬರ್ತಿತ್ತಲ್ರಿ?"

"ಮೋಡ ಮುಚ್ಚಿರಬೇಕು."

ನೋಡಿದಿರಾ? ಒಂದು ಉತ್ತರ ತಪ್ಪಿಸಿಕೊಳ್ಳಲು ಚಂದ್ರನನ್ನೂ ಆರಿಸಿಬಿಡುವ ಮನುಷ್ಯ. ಉತ್ತರ ಅವರಿಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಬ್ಯಾಡಗಿಯಲ್ಲಿ ಅದನ್ನು ಅವರೇ ಮಾಡಿ ತೋರಿಸಿದ್ದಾರೆ.

ಬಹಳ ವರ್ಷದ ಹಿಂದಿನ ಮಾತು. ಒಬ್ಬ ವ್ಯಾಪಾರಿಯ ಅಂಗಳದಲ್ಲಿ ನಾನೂ ದೊಡ್ಡವ್ವನೂ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆವು. ದೊಡ್ಡವ್ವ ಎಂದರೆ ನಮ್ಮವ್ವನಿಗೂ ಮಾವನಿಗೂ ಅಕ್ಕ. ಆಗ ನನ್ನ ಗಂಡನಿಗೆ ಕೆಲಸವಿರಲಿಲ್ಲ, ಮನೆ ನಡೆಯುತ್ತಿದ್ದದ್ದು ನನ್ನ ದುಡಿಮೆಯಿಂದ. ಮಾವ ಅಲ್ಲಿಯೇ ಗುಮಾಸ್ತರು. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಮೇಲೆ ಪೆನ್ನು. ಅಕ್ಕ ಕೂಲಿಯವಳು ಎಂಬುದೇ ಅವರಿಗೆ ಅವಮಾನ. ತಮ್ಮನ್ನು ಎತ್ತಿ ಆಡಿಸಿದವಳನ್ನು ಅಂಗಳದಲ್ಲಿ ಯಾರೋ ಕೂಲಿ ಹೆಂಗಸೆಂಬಂತೆ "ಏ ಬಾಯಿ" ಎಂದು ಕರೆಯುತ್ತಿದ್ದರು.

ಹೆಂಗಸರಿಗೊಂದು ಪಾಯಖಾನೆ ಕಟ್ಟಿಸಿರಿ ಎಂದು ದೊಡ್ಡವ್ವ ಕೇಳಿ ಕೇಳಿ ಸಾಕಾಗಿ, ಒಂದು ದಿನ ಎಲ್ಲರ ಕೆಲಸವನ್ನೂ ನಿಲ್ಲಿಸಿಬಿಟ್ಟಳು. ಮಾಲೀಕ ನೋಡೋಣ ಎಂದ, ನಾವು ಮತ್ತೆ ಕೆಲಸಕ್ಕೆ ಕೂತೆವು. ಮರುದಿನವೇ ಅವಳನ್ನು ಹೊರಗೆ ಹಾಕುವ ಹಂಚಿಕೆ ಶುರುವಾಯಿತು. ಒಮ್ಮೆ ಹಾಗೆ ಹೊರಗೆ ಬಿದ್ದವಳಿಗೆ ಬ್ಯಾಡಗಿಯಲ್ಲಿ ಮತ್ತಾರೂ ಕೆಲಸ ಕೊಡುತ್ತಿರಲಿಲ್ಲ. ಘಾಟಿಗೆ ಹೆದರಿ ನಾವೆಲ್ಲ ಕಣ್ಣಷ್ಟೇ ಬಿಟ್ಟು ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೆವು, ನಿಜ. ಆದರೆ ದೊಡ್ಡವ್ವನ ಗಂಟಲು ರೈಲ್ವೆ ಸ್ಟೇಷನ್ನಿಗೂ ಕೇಳಿಸುವಂಥದ್ದು. ಅವಳನ್ನು ಗುರುತಿಸಲು ಯಾರ ಸಹಾಯವೂ ಬೇಕಿರಲಿಲ್ಲ. ಮಾಲೀಕನೇ ಬಂದು ರಟ್ಟೆ ಹಿಡಿದು ಎಬ್ಬಿಸಬಹುದಿತ್ತು. ಎಬ್ಬಿಸಿದ್ದರೆ ಹೆಂಗಸರೆಲ್ಲ ಎದ್ದು ನಿಲ್ಲುತ್ತಿದ್ದರು.

ಅದಕ್ಕೇ ಮಾವ ಬಂದರು. ಬಗ್ಗಿ, ಅವಳ ಭುಜದ ಮೇಲೆ ಕೈಯಿಟ್ಟು, "ಅಕ್ಕವ್ವಾ, ಬಾ ಇತ್ತಾಗ, ಚಾ ಕುಡಿಯೂಣು" ಎಂದರು. ದೊಡ್ಡವ್ವ ಎದ್ದು ಹೋದಳು. ಮನೆಮಂದಿಯ ಮಾತು ಎಂದುಕೊಂಡು ನಾವು ತೊಟ್ಟು ಬಿಡಿಸುತ್ತ ಕೂತೆವು. ಅವಳನ್ನು ಹೊರಗೆ ಬಿಟ್ಟು ಗೇಟು ಹಾಕಿದ ಸದ್ದು ಕೇಳಿದಾಗಲೇ ವಿಷಯ ತಿಳಿದದ್ದು.

ಆ ಮುದ್ದು ಗುರುತಿಗಲ್ಲ ಸ್ವಾಮಿ. ಗದ್ದಲವಾಗದಂತೆ ಎಬ್ಬಿಸಿಕೊಂಡು ಹೋಗಲು ಹಿಡಿಯುವವರಿಗೆ ಒಬ್ಬ ಮನೆಯವನು ಬೇಕಿತ್ತು. ಇಷ್ಟು ಮಾಡಿದ ಮಹಾನುಭಾವರು ಈಗ ಅದೇ ಅಕ್ಕನನ್ನು ಎದುರಿಗೆ ಚಾಪೆಯ ಮೇಲೆ ಕೂರಿಸಿಕೊಂಡು, ಕತ್ತಲೆಯ ಬಗ್ಗೆ ಪಾಠ ಹೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಅಂದು ಸಂಜೆ ಹಾವೇರಿಗೆ ಮರಳುವ ಬಸ್ಸಿನಲ್ಲಿ ಆ ಉರಿಯನ್ನೆಲ್ಲ ದೊಡ್ಡವ್ವನ ಮೇಲೆ ಕಾರಿದೆ. "ನೀನೂ ಅಷ್ಟ ಭೋಳೆ. ಚಾ ಅಂದಕೂಡ್ಲೇ ಎದ್ದ ಹೋದಿ."

"ಗೊತ್ತಿತ್ತ ಬಿಡವಾ," ಎಂದಳು. "ಆ ಅಂಗಳದಾಗ ಅಂವ ನನಗ ಅಕ್ಕವ್ವಾ ಅಂದದ್ದ ಅದ ಮೊದಲ. ಅಂದಕೂಡ್ಲೇ ತಿಳೀತು."

"ಮತ್ತ ಯಾಕ ಎದ್ದಿ?"

"ನಾ ಒಲ್ಲೆ ಅಂದಿದ್ರ ಮೊದಲ ಎದ್ದ ನಿಂದ್ರಾಕಿ ನೀನ ಅಲ್ಲೇನ? ನಿನ್ನೂ ಹೊರಗ ಹಾಕ್ತಿದ್ರು."

ಆ ಹಂಗಾಮು ಮುಗಿಯುವವರೆಗೂ ನಾನು ಅಲ್ಲಿಯೇ ಕೆಲಸ ಮಾಡಿದ್ದೆ. ಇಷ್ಟು ವರ್ಷ ಯೂದನ ಮುಖವನ್ನೇ ದಿಟ್ಟಿಸಿ ಬೈಯುತ್ತ ಕೂತಿದ್ದೆ. ಗೊತ್ತಿದ್ದೂ ಆ ಮುದ್ದಿಗೆ ಕೆನ್ನೆ ಕೊಟ್ಟವರ ಕಡೆ ಒಮ್ಮೆಯೂ ನೋಡಿರಲಿಲ್ಲ.