ರಸ್ತೆಗೆ ಕಾಣದ ಲಾಯ

ಜೀನಿನವರು ಎಂದರೆ ಆ ಕಡೆಯಲ್ಲಿ ಯಾರಿಗಾದರೂ ಗೊತ್ತು. ಕುದುರೆಗೆ ಜೀನು ಹೊಲಿಯುವುದು, ಲಗಾಮಿನ ಪಟ್ಟಿ ಬದಲಿಸುವುದು, ಹಳೆಯ ಚರ್ಮಕ್ಕೆ ಎಣ್ಣೆ ತಿಕ್ಕಿ ಮತ್ತೆ ಜೀವ ತರುವುದು ಅವರ ಕಸುಬು. ಕೆಲವು ವರ್ಷಗಳಿಂದ ಕಸುಬು ಸೊರಗಿತ್ತು. ತಾವು ಹೊಲಿದ ಜೀನು ಜನ್ಮದಲ್ಲಿ ಕಿತ್ತುಹೋಗುವುದಿಲ್ಲ, ಹಾಗಾಗಿ ಗಿರಾಕಿ ಎರಡನೇ ಸಲ ಬರುವುದಿಲ್ಲ ಎಂದು ಅವರು ಅದಕ್ಕೆ ಕಾರಣ ಕಂಡುಕೊಂಡಿದ್ದರು. ಹೆಂಡತಿಯ ಅಭಿಪ್ರಾಯ ಬೇರೆ. "ಅಂಗಡಿ ತೆಗೆಯೋದೇ ಬಿಸಿಲೇರಿದ ಮೇಲೆ. ತೆಗೆದ ಮೇಲೂ ಪೇಪರ್ ಓದಿ ಮುಗೀಬೇಕು. ಅಷ್ಟರಲ್ಲಿ ಊಟದ ಹೊತ್ತು" ಎನ್ನುತ್ತಿದ್ದಳು.

ಹೀಗಿರುವಾಗ ಅವರ ತಲೆಗೆ ಲಾಯದ ಯೋಚನೆ ಹೊಕ್ಕಿತು. ಮನೆಯ ಹಿಂದೆ, ಗುಡ್ಡದ ಮರೆಯಲ್ಲಿ, ಹಾಳುಬಿದ್ದ ಕೊಟ್ಟಿಗೆಯೊಂದಿತ್ತು. ಅದರ ಪಕ್ಕ ಒಳ್ಳೆಯ ಹುಲ್ಲಿನ ಬಯಲು. ಜಾಗವಿಲ್ಲದವರು, ಪುರುಸೊತ್ತಿಲ್ಲದವರು ತಮ್ಮ ಕುದುರೆಗಳನ್ನು ಇಲ್ಲಿ ಬಿಡಲಿ. ಮೇವು, ನೀರು, ಮೈತಿಕ್ಕುವುದು ಜೀನಿನವರ ಪಾಲಿಗೆ; ಬೇಕೆನಿಸಿದಾಗ ಬಂದು ಸವಾರಿ ಮಾಡುವುದು ಯಜಮಾನರ ಪಾಲಿಗೆ.

ವ್ಯಾಪಾರದ ಮಾತಿನ ಹಿಂದೆ ಇನ್ನೊಂದು ಕಾರಣವಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೆ ಹೇಳದೆಯೇ ತಿಳಿದಿತ್ತು. ಅವರ ಬಳಿ ಒಂದು ಹೆಣ್ಣುಕುದುರೆ ಇತ್ತು. ಬೂದುಬಣ್ಣ, ಅಗಲವಾದ ಹಣೆ. ಮೂರು ಸಲ ಓಲೈಸದೆ ಒಂದು ಹೆಜ್ಜೆ ಇಡುತ್ತಿರಲಿಲ್ಲವಾದ್ದರಿಂದ ಹೆಸರು ದೊರೆಸಾನಿ. ಅವಳ ಜೊತೆಗಿದ್ದ ಮುದಿ ಗಂಡುಕುದುರೆ ಸತ್ತ ಮೇಲೆ ಅವಳು ಬೇಲಿಯ ಮೂಲೆಯಲ್ಲಿ ನಿಂತು, ಅವನು ಹೋದ ದಾರಿಯನ್ನೇ ನೋಡುತ್ತಿದ್ದಳು. ಮೇವು ಅರ್ಧಕ್ಕೆ ಬಿಡುತ್ತಿದ್ದಳು. ಕುದುರೆ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ನಾಲ್ಕು ಕುದುರೆಗಳು ಬಂದರೆ ಇವಳು ಉಳಿಯುತ್ತಾಳೆ ಎಂಬುದೇ ಜೀನಿನವರ ಯೋಜನೆಯ ತಳಪಾಯ.

ಸಣ್ಣ ಉದ್ಯಮದ ತರಬೇತಿ ಅಂತ ಪೇಟೆಯಲ್ಲಿ ನಡೆಯುತ್ತಿದ್ದ ಕ್ಲಾಸಿಗೂ ಹೋಗಿಬಂದರು. ಅಲ್ಲಿ ಟೈ ಕಟ್ಟಿದ ತರುಣನೊಬ್ಬ, "ಕಟ್ಟೋದಕ್ಕೆ ಮುಂಚೆ ಬೇಡಿಕೆ ಇದೆಯಾ ನೋಡಿ. ಮನೆಮನೆಗೆ ಹೋಗಿ ಕೇಳಿ. ಹೌದು ಅಂದವರನ್ನ ನಂಬಬೇಡಿ, ಹೌದು ಅನ್ನೋದು ಮರ್ಯಾದೆಗೆ. ಇಂಥ ದಿನ ಬರ್ತೀನಿ ಅಂದವರನ್ನ ನಂಬಿ" ಎಂದು ಹೇಳಿದ್ದ. ಜೀನಿನವರಿಗೆ ಈ ಮಾತು ಬಹಳ ಹಿಡಿಸಿತು.

ಆದರೆ ಮನೆಮನೆಗೆ ಹೋಗುವುದು ಹೇಗೆ? ಸೈಕಲ್ಲಿನಲ್ಲಿ ಹೋಗಿ ಲಾಯದ ಮಾತಾಡಿದರೆ ಯಾರು ನಂಬುತ್ತಾರೆ? ಅವರು ದೊರೆಸಾನಿಯ ಮೈತಿಕ್ಕಿ, ಕುತ್ತಿಗೆಯ ಕೂದಲು ಬಾಚಿ, ತಮ್ಮ ಕೈಯಾರೆ ಹೊಲಿದ ಜೀನು ಬಿಗಿದು ಹೊರಟರು. ನಡೆದಾಡುವ ಜಾಹೀರಾತು.

"ಅವಳನ್ನ ಯಾಕೆ ಸುತ್ತಿಸ್ತೀರಿ ಬಿಸಿಲಲ್ಲಿ?" ಎಂದಳು ಹೆಂಡತಿ.

"ಹೋದ ಮನೆಯಲ್ಲೆಲ್ಲ ಬೇರೆ ಕುದುರೆಗಳ ಮುಖ ನೋಡ್ತಾಳೆ ಕಣೇ. ಹೆಣ್ಣು ತೋರಿಸೋ ಹಾಗೆ ಅಂದ್ಕೋ."

"ನನ್ನನ್ನ ಒಂದು ದಿನ ಹೀಗೆ ಊರು ಸುತ್ತಿಸಿದ್ದುಂಟಾ?"

"ನೀನು ಮೂರು ಸಲ ಕರೆದರೂ ಹೆಜ್ಜೆ ಇಡಲ್ಲವಲ್ಲ."

ರಸ್ತೆಯುದ್ದಕ್ಕೂ ಏನೋ ಒಂದು ಕಮ್ಮಿಯಿದೆ ಎನಿಸುತ್ತಿತ್ತು. ಮಿಲ್ಲಿನ ತಿರುವು ಬರುವ ಹೊತ್ತಿಗೆ ಅದೇನೆಂದು ತಿಳಿಯಿತು: ಇಡೀ ದಾರಿಯಲ್ಲಿ ಒಂದು ಹಸಿ ಲದ್ದಿ ಕಂಡಿರಲಿಲ್ಲ. ಕುದುರೆಗಳು ಹೊರಗೆ ಬರದೆ ಬಹಳ ದಿನವಾದಂತಿತ್ತು. ಪಾಪ, ಯಾರಿಗೂ ಪುರುಸೊತ್ತಿಲ್ಲ, ಇದೇ ನಮ್ಮ ಬೇಡಿಕೆ ಎಂದುಕೊಂಡು ಜೀನಿನವರು ಖುಷಿಪಟ್ಟರು.

ಮಿಲ್ಲಿನ ಯಜಮಾನರು ಅಂಗಳಕ್ಕೇ ಬಂದು ಎದುರುಗೊಂಡರು. ಲಾಯದ ಕಿಟಕಿಗಳಿಗೆ ಗೋಣಿತಾಟು ಇಳಿಬಿಟ್ಟಿತ್ತು. ಹೊಸ್ತಿಲಲ್ಲಿ ದಪ್ಪಗೆ ಸುಣ್ಣದ ಪುಡಿ ಚೆಲ್ಲಿತ್ತು. ಎಂಥ ಶುಚಿ ಎಂದು ಜೀನಿನವರು ಮನಸ್ಸಿನಲ್ಲೇ ಮೆಚ್ಚಿದರು.

"ಲಾಯ ತೆಗೀಬೇಕು ಅಂತಿದ್ದೀನಿ ಯಜಮಾನರೇ. ನಿಮ್ಮ ಕುದುರೆಗಳನ್ನೇನಾದರೂ ನಮ್ಮಲ್ಲಿ ಬಿಡೋ ಯೋಚನೆ..."

"ಯಾವಾಗ ತೆಗೀತೀರಿ?"

"ಬರೋ ತಿಂಗಳು. ಇನ್ನೂ ಸೂರು ಹೊದಿಸಬೇಕು."

"ಸೂರು ಆಮೇಲೆ ಹೊದಿಸಿದ್ರಾಯ್ತು. ಬುಧವಾರದೊಳಗೆ ಆಗಲ್ವಾ?" ಯಜಮಾನರು ದನಿ ತಗ್ಗಿಸಿದರು. "ಅಲ್ಲ, ಆ ಜಾಗ ರಸ್ತೆಗೆ ಕಾಣುತ್ತಾ?"

"ಇಲ್ಲ. ಗುಡ್ಡ ಅಡ್ಡ ಇದೆ."

"ಹಾಗಾದ್ರೆ ಬುಧವಾರ ಬೆಳಿಗ್ಗೆ ಕಳಿಸ್ತೀನಿ."

ಅಷ್ಟರಲ್ಲಿ ಗೋಣಿತಾಟಿನ ಹಿಂದಿನಿಂದ ಒಂದು ಸದ್ದು ಬಂತು. ಯಾರೋ ದಪ್ಪ ಬಟ್ಟೆಯನ್ನು ನಿಧಾನವಾಗಿ ಹರಿದಂತೆ. ನಿಂತಿತು, ಮತ್ತೆ ಹರಿಯತೊಡಗಿತು. "ಅವನಿಗೆ ಸ್ವಲ್ಪ ಶೀತ" ಎಂದರು ಯಜಮಾನರು, ಕೇಳದಿದ್ದರೂ. ದೊರೆಸಾನಿ ಕಿವಿ ನಿಮಿರಿಸಿ ಆ ಕಡೆ ಕತ್ತು ಚಾಚಿದಳು. ಆಮೇಲೆ ಅಂಗಳದ ಕಲ್ಲುತೊಟ್ಟಿಗೆ ಬಾಯಿಟ್ಟು, ತುಂಬ ದಿನದ ಮೇಲೆ ಗಟಗಟನೆ ನೀರು ಕುಡಿದಳು. ಅದನ್ನು ನೋಡಿ ಜೀನಿನವರ ಕಣ್ಣು ತುಂಬಿತು.

ನಿವೃತ್ತ ಟೀಚರಮ್ಮನ ಮನೆಯಲ್ಲಿ ಒಂದು ಗಿಡ್ಡ ತಟ್ಟುಕುದುರೆ ಇತ್ತು. ಬೀದಿಯ ಮಕ್ಕಳೆಲ್ಲ ಅದರ ಬೆನ್ನ ಮೇಲೆ ಬೆಳೆದವರು. ಟೀಚರಮ್ಮ ಬಾಗಿಲನ್ನು ಅರ್ಧ ಮಾತ್ರ ತೆಗೆದರು.

"ಅಲ್ಲೇ ನಿಂತ್ಕೋಪ್ಪ. ಒಳಗೆಲ್ಲ ಹರಡಿಕೊಂಡಿದೆ."

ಲಾಯದ ಮಾತು ಕೇಳಿದ್ದೇ ಆಕೆ ಸೆರಗಿನಿಂದ ಬಾಯೊರೆಸಿಕೊಂಡರು. "ಮಂಗಳವಾರ ಬಂದು ಕರ್ಕೊಂಡು ಹೋಗ್ತೀಯಾ? ರಸ್ತೆಯಿಂದ ಕಾಣಲ್ಲ ತಾನೆ? ಯಾರಾದ್ರೂ ಕೇಳಿದ್ರೆ ನನ್ನದು ಅಂತ ಹೇಳಬೇಡ."

ಬೇಡವೆಂದರೂ ಒಳಗಿನಿಂದ ಒಂದು ಬಕೆಟ್ ತಂದು ದೊರೆಸಾನಿಯ ಮುಂದಿಟ್ಟರು. ಇಡುವಾಗ ಅರ್ಧ ನೀರನ್ನು ಸೆರಗಿನ ಮೇಲೆಯೇ ಚೆಲ್ಲಿಕೊಂಡರು. ವಯಸ್ಸಾಯಿತಲ್ಲ ಎಂದುಕೊಂಡರು ಜೀನಿನವರು.

ಸಾರೋಟಿನವನು, ಇಟ್ಟಿಗೆ ಗೂಡಿನ ಮಾಲೀಕ, ವಕೀಲರ ವಿಧವೆ, ಎಲ್ಲರದೂ ಅದೇ ಉತ್ತರ, ಅದೇ ಪ್ರಶ್ನೆ. ಬುಧವಾರದೊಳಗೆ. ರಸ್ತೆಗೆ ಕಾಣುತ್ತಾ? ಎಲ್ಲರೂ ಮರ್ಯಾದೆಯಾಗಿ ದೊರೆಸಾನಿಗೆ ನೀರಿಟ್ಟರು. ಜನರಿಗೆ ಗದ್ದಲವಿಲ್ಲದ ಜಾಗ ಬೇಕಾಗಿದೆ ಎಂದು ತೀರ್ಮಾನಿಸಿದ ಜೀನಿನವರು, ಬೋರ್ಡಿನಲ್ಲಿ 'ಪ್ರಶಾಂತ ವಾತಾವರಣ' ಎಂದು ಬರೆಸಬೇಕೆಂದುಕೊಂಡು ಮನೆಗೆ ಬಂದರು.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ರೀ, ಈ ಜನ ಬಸ್ಸು ಹತ್ತೋಕೂ ಒಟ್ಟಿಗೆ ಬಂದವರಲ್ಲ. ಎಲ್ಲರಿಗೂ ಬುಧವಾರದೊಳಗೇ ಯಾಕಂತೆ?"

"ಬೇಡಿಕೆ ಕಣೇ."

"ಬೇಕು ಅಂತ ಬರೋರು ಹೀಗೆ ಅವಸರ ಮಾಡಲ್ಲ. ಇವರು ಏನನ್ನೋ ಮನೆಯಿಂದ ದಾಟಿಸ್ತಿದ್ದಾರೆ."

ಆ ರಾತ್ರಿ ಜೀನಿನವರಿಗೆ ನಿದ್ದೆ ಬಂತು. ಅದೇ ಕೊನೆಯ ನೆಮ್ಮದಿಯ ನಿದ್ದೆ.

ಮರುದಿನ ಲಾಳ ಕಟ್ಟುವವನನ್ನು ಹುಡುಕಿಕೊಂಡು ಹೋದರು. ಅಷ್ಟು ಕುದುರೆಗಳು ಬಂದರೆ ಅವನೂ ಬೇಕಲ್ಲ. ಸಾಮಾನ್ಯವಾಗಿ ಅವನ ಕುಲುಮೆಯ ಮುಂದೆ ನಿಲ್ಲಲು ಜಾಗವಿರುತ್ತಿರಲಿಲ್ಲ. ಇವತ್ತು ಒಲೆ ತಣ್ಣಗಿತ್ತು. ಅವನು ಮೂಲೆಯಲ್ಲಿ ಕೂತಿದ್ದ. ಬಲಗೈಗೆ ಬಟ್ಟೆ ಸುತ್ತಿತ್ತು. ಬಟ್ಟೆಯ ಮೇಲೆ ಹಳದಿ ಕಲೆ.

ದೊರೆಸಾನಿಯನ್ನು ಕಂಡದ್ದೇ ಅವನು ಎದ್ದು ಹಿಂದೆ ಸರಿದ.

"ಅಣ್ಣ, ಇವಳನ್ನ ಹೊರಗೆ ಕರ್ಕೊಂಡು ಬಂದ್ರಾ?"

"ಯಾಕೆ, ಬರಬಾರದಿತ್ತಾ?"

ಅವನು ದೂರದಿಂದಲೇ ಬಗ್ಗಿ ದೊರೆಸಾನಿಯ ಮೂಗು ನೋಡಿದ. ಆಮೇಲೆ ಕೇಳಿದ: "ಎಲ್ಲೆಲ್ಲಿ ನೀರು ಕುಡಿದ್ಲು?"

ಜೀನಿನವರು ಹೇಳುತ್ತ ಹೋದರು. ಮಿಲ್ಲು. ಟೀಚರಮ್ಮ. ಗೂಡು. ಪ್ರತಿ ಮನೆಯ ಹೆಸರಿಗೂ ಅವನು ಕಣ್ಣು ಮುಚ್ಚಿ ತೆರೆಯುತ್ತಿದ್ದ. 

"ಮೂಗುಬೇನೆ ಅಣ್ಣ. ಮೊದಲು ಮೂಗು ಸೋರುತ್ತೆ, ಆಮೇಲೆ ಕುತ್ತಿಗೇಲಿ ಗಂಟು, ಆಮೇಲೆ ಉಸಿರಿಗೇ ಕಷ್ಟ. ತೊಟ್ಟಿ ನೀರಲ್ಲಿ ಹರಡುತ್ತೆ. ಗುರುವಾರ ಪಶುವೈದ್ಯರ ಜೀಪು ಬರುತ್ತಂತೆ, ರಕ್ತ ತೆಗೆಯೋಕೆ. ಬೇನೆ ಸಿಕ್ಕಿದ ಕುದುರೆಗೆ ಸಾಯಿಸೋ ಸೂಜಿ, ಆಮೇಲೆ ಗುಂಡಿ. ಅದಕ್ಕೇ ಎಲ್ಲರಿಗೂ ಮರೆ ಬೇಕು."

"ನೀನು ಯಾಕೋ ಹೇಳಲಿಲ್ಲ?"

"ಮನೆಯಿಂದ ಮನೆಗೆ ಹೋಗಿದ್ದು ನಾನೇ ಅಲ್ವಾ ಅಣ್ಣ? ಇದೇ ಕೈಯಲ್ಲಿ." ಅವನು ಸುತ್ತಿದ ಕೈಯನ್ನು ನೋಡಿಕೊಂಡ. "ಮನುಷ್ಯರಿಗೂ ಬರುತ್ತಂತೆ."

ಜೀನಿನವರು ಅವನನ್ನು ಬೈಯಬೇಕೆಂದುಕೊಂಡರು. ಬೈಯುವ ಬದಲು ಅವನನ್ನು ಆಸ್ಪತ್ರೆಯ ಬಸ್ಸು ಹತ್ತಿಸಿ, ದೊರೆಸಾನಿಯ ಹಗ್ಗ ಹಿಡಿದು ಗುಡ್ಡದ ಹಿಂದಿನ ದಾರಿಯಿಂದ ನಡೆದರು. ಯಾರ ಕಣ್ಣಿಗೂ ಬೀಳಬಾರದೆಂದು ತಾವೇ ಆ ದಾರಿ ಹಿಡಿದದ್ದು ಅರ್ಧ ದೂರ ಬಂದ ಮೇಲೆ ಗೊತ್ತಾಯಿತು. ರಸ್ತೆಗೆ ಕಾಣದ ಲಾಯಕ್ಕೆ ಬೇಡಿಕೆ ಎಂಥದೆಂದು ಆಗ ಪೂರ್ತಿ ತಿಳಿಯಿತು. ಅದರ ಮೊದಲ ಗಿರಾಕಿ ತಾವೇ.

ಅವಳ ಮೂಗು ಒಣಗಿತ್ತು. ಕಣ್ಣು ಹೊಳೆಯುತ್ತಿತ್ತು. ಏನೂ ಆಗಿರಲಿಕ್ಕಿಲ್ಲ. ಸುಮ್ಮನಿದ್ದರೆ ಗುರುವಾರ ಕಳೆದುಹೋಗುತ್ತದೆ. ಮನೆಯಲ್ಲಿ ಇದನ್ನೇ ನಾಲ್ಕು ಬಗೆಯಲ್ಲಿ ಹೇಳಿದರು. 

"ಅವಳಿಗೆ ಜೊತೆ ಬೇಕು ಅಂತ ತಾನೆ ಹೊರಟಿದ್ದು?" ಎಂದಳು ಹೆಂಡತಿ. "ಇನ್ನು ಮಿಲ್ಲಿನವರ ಕುದುರೆನೂ ಒಳಗೆ ಬಿಡ್ತೀರಾ? ಹೋದ ತಿಂಗಳು ಆ ಟೀಚರಮ್ಮನ ತಟ್ಟಿನ ಮೇಲೆ ಮಕ್ಕಳು ಕೂತಿದ್ದು ನಾನೇ ನೋಡಿದ್ದೆ."

ಜೀನಿನವರು ಅಂಗಡಿಗೆ ಹೋಗಿ, ಪೇಪರ್ ಬಿಡಿಸದೆ, ಪಶುವೈದ್ಯರಿಗೆ ಫೋನ್ ಮಾಡಿದರು. ಮನೆಗಳ ಗುರುತನ್ನೆಲ್ಲ ಹೇಳಿದರು. ಮೊದಲು ತಮ್ಮ ಮನೆಯದು.

ಬುಧವಾರ ಬೆಳಿಗ್ಗೆ ಮಿಲ್ಲಿನ ಲಾರಿ ಗೇಟಿನ ಮುಂದೆ ನಿಂತಿತು. ಲಾರಿಯೊಳಗಿನಿಂದ ಅದೇ ಬಟ್ಟೆ ಹರಿಯುವ ಸದ್ದು. ಗೇಟಿಗೆ ಸರಪಳಿ ಬಿಗಿದಿತ್ತು.

"ಏನ್ರೀ ಇದು? ಜಾಗ ಇದೆ ಅಂದ್ರಲ್ಲ."

"ಜಾಗ ಇದೆ ಯಜಮಾನರೇ. ಲಾಯ ಇಲ್ಲ. ವೈದ್ಯರಿಗೆ ಹೇಳಿದ್ದೀನಿ."

ಯಜಮಾನರು ಸರಪಳಿಯನ್ನೊಮ್ಮೆ ಎಳೆದು ನೋಡಿದರು. "ನಿಮ್ಮ ದೊರೆಸಾನಿನೂ ನಮ್ಮ ತೊಟ್ಟಿಯಲ್ಲೇ ಕುಡಿದಿದ್ದಾಳೆ. ನೆನಪಿದೆಯಾ?"

"ಇದೆ."

ಲಾರಿ ಹಿಂದಕ್ಕೆ ತಿರುಗಿತು. ಇನ್ನು ಈ ಊರಲ್ಲಿ ತಮ್ಮಿಂದ ಯಾರೂ ಜೀನು ಹೊಲಿಸುವುದಿಲ್ಲ ಎಂಬುದು ಆ ಧೂಳಿನಲ್ಲೇ ಬರೆದಂತಿತ್ತು.

ಗುರುವಾರ ಜೀಪಿನ ಸದ್ದು ಗುಡ್ಡದ ಆಚೆ ಕೇಳಿಸಿದಾಗ ಜೀನಿನವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಬೆಳಗಿನ ಮೇವು ಅರ್ಧ ಉಳಿದಿತ್ತು. ಅದು ಹಳೆಯ ದುಃಖದ ಅರ್ಧವೋ ಹೊಸ ಬೇನೆಯ ಅರ್ಧವೋ ಹೇಳಲಾಗುತ್ತಿರಲಿಲ್ಲ. ದೊರೆಸಾನಿ ಕಿವಿ ನಿಮಿರಿಸಿದಳು. ಆ ತಿರುಗಾಟದ ನಂತರ ಹೊಸ ಜನರೆಂದರೆ ಅವಳಿಗೆ ತಣ್ಣನೆಯ ನೀರು, ಗೋಡೆಯಾಚೆ ಬೇರೆ ಕುದುರೆಯ ವಾಸನೆ. ಯಾರೂ ಓಲೈಸದೆಯೇ ಅವಳು ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬಾಗಿಲಿಗೆ ಬಂದು, ರಸ್ತೆಯತ್ತ ಕತ್ತು ಚಾಚಿ ಕಾಯತೊಡಗಿದಳು.