ಚರಗದ ದಿನದ ಹಾಜರಿ

ನಾನು ಇಂಡಿಯಲ್ಲಿ ಹಲ್ಲಿನ ಡಾಕ್ಟರು. ಊರವರಿಗೆಲ್ಲ ಬಾಯಿ ತೆಗೆಯಿರಿ ಎಂದು ಹೇಳುವ ನನಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ ಎಂಬುದು ಗಂಡನ ದೂರು. ದೂರಿನಲ್ಲಿ ಹುರುಳಿದೆ ಎಂದು ಎರಡು ವರ್ಷದ ಹಿಂದಿನ ಎಳ್ಳಮಾವಾಸ್ಯೆಯ ದಿನ ನನಗೇ ಖಾತ್ರಿಯಾಯಿತು.

ನಮ್ಮ ವೃತ್ತಿಯಲ್ಲಿ ಡಿಗ್ರಿಯನ್ನು ಗೋಡೆಗೆ ತೂಗುಹಾಕಿದರೆ ಮುಗಿಯುವುದಿಲ್ಲ. ಉಪನ್ಯಾಸ, ಕಾರ್ಯಾಗಾರ ಎಂದು ಹೋಗಿ ಕಲಿಯುತ್ತಲೇ ಇರಬೇಕು. ಹಾಜರಾದದ್ದಕ್ಕೆ ಪಾಯಿಂಟು ಕೊಡುತ್ತಾರೆ. ಪಾಯಿಂಟು ತುಂಬಿದರೆ ನೋಂದಣಿ ಮುಂದುವರಿಯುತ್ತದೆ, ತುಂಬದಿದ್ದರೆ ಹೊಸ ವರ್ಷಕ್ಕೆ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹಾಗಿಲ್ಲ. ನಿಯಮ ಒಳ್ಳೆಯದೇ. ನಾನು ಓದುವಾಗ ಇಲ್ಲದ ಎಷ್ಟೋ ಔಷಧ, ಉಪಕರಣ ಈಗ ಬಂದಿವೆ. ಆದರೆ ಕಾರ್ಯಾಗಾರಗಳೆಲ್ಲ ನಡೆಯುವುದು ಬೆಂಗಳೂರು, ಹುಬ್ಬಳ್ಳಿ, ಬಹಳವಾದರೆ ವಿಜಯಪುರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಾವು ನಾಲ್ವರು ಹಲ್ಲಿನ ಡಾಕ್ಟರು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಅದರಲ್ಲಿ ಹೆಚ್ಚು ಸಲ ಬರುವ ಮಾತು "ಮುಂದಿನ ತಿಂಗಳ ನೋಡೂಣು ಬಿಡ್ರಿ" ಎಂಬುದೇ. ಹೀಗೆ ನೋಡುತ್ತ ನೋಡುತ್ತ ಡಿಸೆಂಬರಿನ ಕೊನೆಯ ವಾರ ಬಂತು. ನಾಲ್ವರಿಗೂ ಒಂದು ಉಪನ್ಯಾಸದಷ್ಟು ಪಾಯಿಂಟು ಕಡಿಮೆ.

ಆ ವರ್ಷಕ್ಕೆ ಉಳಿದಿದ್ದದ್ದು ಒಂದೇ ಒಂದು ಆನ್‌ಲೈನ್ ಉಪನ್ಯಾಸ. ಅದನ್ನು ಇಟ್ಟವರು ಮೈಸೂರು ಕಡೆಯವರು, ಇಟ್ಟ ದಿನ ಎಳ್ಳಮಾವಾಸ್ಯೆ. ನಮ್ಮ ಕಡೆ ಅಂದು ಮನೆಯಲ್ಲಿ ಬೆಕ್ಕೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿರುತ್ತಾರೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಪಾಠ ಮುಗಿದ ಮೇಲೆ ಹೆಸರು ಕರೆಯುತ್ತಾರೆ, ಆಗ ಮೈಕು ತೆಗೆದು ಹಾಜರಿ ಹೇಳಿದವರಿಗೆ ಮಾತ್ರ ಪಾಯಿಂಟು ಎಂದು ಕಟ್ಟುನಿಟ್ಟಾಗಿ ತಿಳಿಸಿದ್ದರು.

ನನಗೆ ಅಂದು ಇನ್ನೊಂದು ಕೆಲಸವೂ ಇತ್ತು. ಹೊರ್ತಿ ಹತ್ತಿರದ ನಮ್ಮ ಹೊಲದಲ್ಲಿ ಮಾವ ಚರಗ ಚೆಲ್ಲುತ್ತಾರೆ. ಚರಗವೆಂದರೆ ಹಬ್ಬದ ಅಡುಗೆಯನ್ನೆಲ್ಲ ಕಲಸಿ, ಬೆಳೆದ ಪೈರಿನ ನಡುವೆ ಎರಚಿ ಭೂಮಿತಾಯಿಗೆ ಉಣಿಸುವುದು. ಮುಂದೆ ನಡೆಯುವವರು ಬುಟ್ಟಿಯಿಂದ ಎರಚುತ್ತ "ಹುಲ್ಲುಲ್ಲಿಗೋ!" ಎಂದು ಕೂಗಬೇಕು. ಹಿಂದೆ ನಡೆಯುವವರು ತಂಬಿಗೆಯಿಂದ ನೀರು ಚಿಮುಕಿಸುತ್ತ "ಚಲ್ಲಂಬರಿಗೋ!" ಎಂದು ದನಿ ಕೊಡಬೇಕು. ಅರ್ಥ ಕೇಳಿದರೆ ಮಾವನೂ ನಕ್ಕು ಸುಮ್ಮನಾಗುತ್ತಾರೆ. ಮೊದಲೆಲ್ಲ ಹಿಂದಿನ ದನಿ ಅತ್ತೆಯದು. ಅವರ ಕೂಗು ಪಕ್ಕದ ಊರಿನ ಸೀಮೆಗೆ ಮುಟ್ಟುತ್ತಿತ್ತು. ಅವರು ತೀರಿಕೊಂಡ ವರ್ಷ ಹಬ್ಬ ಮಾಡಲಿಲ್ಲ. ಇದು ಅತ್ತೆ ಇಲ್ಲದ ಮೊದಲನೆಯ ಚರಗ. ಗಂಡನಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ, ತಂಬಿಗೆ ನನ್ನ ಕೈಗೆ ಬಂತು.

"ಮಾವಾರ, ಒಂದ್ ತಾಸು ತಡೀರಿ, ನಂದೊಂದು ಕ್ಲಾಸ್ ಐತಿ," ಎಂದೆ.

"ಉಣ್ಣಾಕ ಕರದ ಮಂದಿ ಬನ್ನಿ ಗಿಡದ ಬುಡಕ ಕುಂತಾರವಾ. ಭೂಮಿತಾಯಿ ಉಂಡ ಮ್ಯಾಲ ಅಲ್ಲೇನು ಅವರು ಉಣ್ಣೂದು?" ಎಂದರು. ಆಮೇಲೆ ಮೆಲ್ಲಗೆ, "ನೀ ಬರಲಿಲ್ಲಂದ್ರ ನಾ ಒಬ್ಬನ ಚೆಲ್ಲತೇನಿ ತಗೋ," ಎಂದರು.

ಆ "ತಗೋ" ಕೇಳಿದ ಮೇಲೆ ನಾನು ಹೇಗೆ ಕೂರಲಿ? ಒಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಎಡಗೈಯಲ್ಲಿ ಫೋನು, ಬಲಗೈಯಲ್ಲಿ ತಂಬಿಗೆ ಹಿಡಿದು ಜೋಳದ ಹೊಲಕ್ಕೆ ಇಳಿದೆ. ಜೋಳ ಎದೆಯುದ್ದ ಬೆಳೆದಿತ್ತು. ಒಂದು ಕಿವಿಯಲ್ಲಿ ಪ್ರೊಫೆಸರು ವಯಸ್ಸಾದವರ ಹಲ್ಲಿನ ಸವೆತದ ಬಗ್ಗೆ ಹೇಳುತ್ತಿದ್ದರು. ಇನ್ನೊಂದರಲ್ಲಿ ಮಾವನ ಕೂಗು. ಪಾಠ ತಪ್ಪಬಾರದೆಂದು ನಾನು ಗುಟ್ಟು ಹೇಳುವವಳ ಹಾಗೆ "ಚಲ್ಲಂಬರಿಗೋ" ಎನ್ನುತ್ತಿದ್ದೆ. ಮಾವ ಒಮ್ಮೆಯೂ ತಿರುಗಿ ನೋಡಲಿಲ್ಲ. ಆದರೆ ಅವರ ದನಿಯೂ ಸಾಲಿನಿಂದ ಸಾಲಿಗೆ ಇಳಿಯುತ್ತಾ ಬಂತು. ಅರ್ಧ ಹೊಲ ದಾಟುವ ಹೊತ್ತಿಗೆ ಅವರು ತಮ್ಮಷ್ಟಕ್ಕೆ ತಾವು ಗೊಣಗಿಕೊಂಡ ಹಾಗೆ ಕೇಳುತ್ತಿತ್ತು. ಎರಡು ದೋಣಿಯಲ್ಲಿ ಕಾಲಿಟ್ಟವಳ ಪಾಡು ನನ್ನದು.

ಅಷ್ಟರಲ್ಲಿ ಪಾಠ ಮುಗಿದು ಹೆಸರು ಕರೆಯಲು ಶುರುವಾಯಿತು. ನನ್ನ ಹೆಸರು ಬಂತು. ಗಡಿಬಿಡಿಯಲ್ಲಿ ಮೈಕು ತೆಗೆದೆ, ಕ್ಯಾಮೆರಾವೂ ತೆರೆದುಕೊಂಡಿತು, ಇಯರ್‌ಫೋನಿನ ವೈರು ಕಿತ್ತು ಬಂದು ಕ್ಲಾಸಿನ ಮಾತು ಮಾವನಿಗೂ ಕೇಳತೊಡಗಿತು. "ಪ್ರೆಸೆಂಟ್ ಸರ್" ಎನ್ನಲು ಬಾಯಿ ತೆಗೆಯುವುದಕ್ಕೂ ಮಾವ "ಹುಲ್ಲುಲ್ಲಿಗೋ" ಎನ್ನುವುದಕ್ಕೂ ಸರಿಹೋಯಿತು. ನಾನು ಎದೆ ತುಂಬ ಉಸಿರೆಳೆದು ಫೋನಿನೊಳಗೆ ಕೂಗಿದೆ:

"ಚಲ್ಲಂಬರಿಗೋ!"

ಮಾವ ಗಕ್ಕನೆ ತಿರುಗಿದರು.

"ಮೇಡಂ, ಏನು ಹೇಳಿದ್ರಿ?" ಎಂದರು ಪ್ರೊಫೆಸರು.

ನಾನು ಬಾಯಿ ತೆರೆಯುವ ಮೊದಲೇ ಮುದ್ದೇಬಿಹಾಳದವರು ಮೈಕು ತೆಗೆದು ಹೋ ಎಂದು ನಕ್ಕರು. ಅವರ ಕ್ಯಾಮೆರಾ ತೆರೆದರೆ ಹಿಂದೆ ಕಡಲೆ ಹೊಲ. ಸಿಂದಗಿಯವರು ದೇವಣಗಾಂವದ ಹೊಲದಲ್ಲಿ ಬಾಯ್ತುಂಬ ಶೇಂಗಾ ಹೋಳಿಗೆ ಇಟ್ಟುಕೊಂಡು ಕೂತಿದ್ದರು. ಬಾಗೇವಾಡಿಯವರು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ. ಗುಂಪಿನಲ್ಲಿ ಹಿಂದಿನ ದಿನ ನಾಲ್ವರೂ "ಕ್ಲಿನಿಕ್ಕಿನ್ಯಾಗ ಕುಂತು ಕೇಳತೇನಿ" ಎಂದು ಬರೆದುಕೊಂಡಿದ್ದೆವು!

ಪ್ರೊಫೆಸರಿಗೆ ಸಿಟ್ಟು ಬಂತು. "ಇದೇನು ಪಿಕ್‌ನಿಕ್ಕಾ? ತಿರುಗಾಡ್ತಾ ಇರೋರಿಗೆ ಹಾಜರಿ ಹೇಗೆ ಕೊಡೋದು? ಪಾಠ ಕೇಳಿದ್ದೀರಿ ಅನ್ನೋದಕ್ಕೆ ಏನು ಗ್ಯಾರಂಟಿ?"

ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಜೋಳದ ನಡುವೆ ನಿಂತೇ ಅವರ ಪಾಠವನ್ನೆಲ್ಲ ಗಡಗಡ ಒಪ್ಪಿಸಿದೆ. ಸವೆದ ಹಲ್ಲನ್ನು ಹೇಗೆ ಪರೀಕ್ಷಿಸಬೇಕು, ಯಾವಾಗ ತುಂಬಬೇಕು, ಯಾವಾಗ ಕೈಹಚ್ಚಬಾರದು, ಒಂದೂ ಬಿಡಲಿಲ್ಲ. ಪ್ರೊಫೆಸರು ಸ್ವಲ್ಪ ಮೆತ್ತಗಾದರು. "ಕೇಳಿದ್ದೀರಿ, ಒಪ್ಪಿದೆ. ಆದರೆ ಮೇಡಂ, ನೀವು ನಿಜವಾಗಿ ಇದ್ದದ್ದು ಎಲ್ಲಿ? ಕ್ಲಾಸಲ್ಲೋ, ಹೊಲದಲ್ಲೋ?"

ಮಾವ ಬುಟ್ಟಿ ಕೆಳಗಿಟ್ಟು, ಪಂಚೆಗೆ ಕೈ ಒರೆಸಿಕೊಂಡು ಫೋನು ಇಸಿದುಕೊಂಡರು. ಅವರು ಫೋನನ್ನು ಬಾಯಿಯ ಹತ್ತಿರ ಹಿಡಿದರು. ಅಷ್ಟೂ ಮಂದಿ ಡಾಕ್ಟರಿಗೆ ಮಾವನ ಹಲ್ಲುಗಳೇ ಕಂಡಿರಬೇಕು.

"ಶರಣ್ರಿ. ನಾ ಈಕಿ ಮಾವ ಅದೇನ್ರಿ. ನನ್ನ ಹೆಂಡತಿ ಹೋದ ಮ್ಯಾಲ ನನ್ನ ಹಿಂದ ದನಿ ಕೊಡವ್ರು ಯಾರೂ ಇದ್ದಿಲ್ರಿ. ಇವತ್ತ ಅರ್ಧ ಹೊಲ ಒಬ್ಬನ ನಡದಂಗ ನಡದೇನಿ. ಈಗರೆ ಈಕಿ ದನಿ ಕೇಳಿಸ್ತು. ಈಕಿ ಇಲ್ಲೇ ಅದಾಳ್ರಿ, ನನ್ನ ಬೆನ್ನಿಗೇ ಅದಾಳ. ಹಾಜರಿ ಹಾಕ್ಕೋರ್ರಿ."

ಪ್ರೊಫೆಸರು ಪಟ್ಟಿಯಲ್ಲಿ ಗುರುತು ಹಾಕಿಕೊಂಡು, "ಹಾಕ್ಕೊಂಡೆ ಯಜಮಾನ್ರೇ. ನಾಲ್ಕೂ ಜನರದ್ದು ಹಾಕ್ಕೊಂಡೆ," ಎಂದರು.

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಸೆರಗಿನಿಂದ ಮುಖ ಒರೆಸಿಕೊಂಡು ತಂಬಿಗೆ ಎತ್ತಿ ಹಿಡಿದೆ. ಮಾವ ಫೋನನ್ನು ಹಾಗೇ ಅಂಗಿಯ ಕಿಸೆಗೆ ಇಳಿಬಿಟ್ಟು, ಬುಟ್ಟಿ ಹೊತ್ತು, ಮುಂದಿನ ಸಾಲಿಗೆ ಕಾಲಿಟ್ಟು ಗಂಟಲು ಬಿಚ್ಚಿ ಕೂಗಿದರು. ನಾನೂ ಕೂಗಿದೆ. ಕಿಸೆಯೊಳಗಿಂದ ಮುದ್ದೇಬಿಹಾಳ, ಸಿಂದಗಿ, ಬಾಗೇವಾಡಿಗಳೂ ದನಿ ಕೊಟ್ಟವು. ಹೊಲದ ಬದು ಮುಟ್ಟಿ ಫೋನು ತೆಗೆದು ನೋಡಿದರೆ ಪ್ರೊಫೆಸರು ಇನ್ನೂ ಕ್ಲಾಸಿನಲ್ಲೇ ಇದ್ದರು.